ಲೈಬ್ರರಿಗೂ ಮೂಲಪತ್ರ ಉಂಟು

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ ಹತ್ತಿರ ರೂಮು ಮಾಡಿಕೊಂಡು ಓದುತ್ತಿರುವ ಬೀದರ್ ಕಡೆಯ ಹುಡುಗನೊಬ್ಬ ಹೋದ ವಾರ ಕೇಳಿದ: "ಸರ, ಕನ್ನಡ ಕಾಗುಣಿತ ತಿದ್ದೋ ಒಂದು ಸಣ್ಣ ಆ್ಯಪ್ ಬರದೀನ್ರಿ. ಎಂಐಟಿ ಲೈಸೆನ್ಸ್ ಹಾಕಿ ಎಲ್ಲರಿಗೂ ಬಿಡಬೇಕಂತ ಅದ. ಒಳಗ ಬ್ಯಾರೆಯವರು ಬರದಿಟ್ಟ ಕೋಡ್ ಲೈಬ್ರರಿ ಒಂದಿಷ್ಟು ಅವ. ಅವೂ ಪುಕ್ಕಟ ಸಿಕ್ಕಾವ, ಮತ್ತೇನು ನೋಡಬೇಕ್ರಿ?"

ಅವನಿರುವ ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲೇ ತೆಲಂಗಾಣದ ಭೂ ಆಡಳಿತ ಮುಖ್ಯ ಆಯುಕ್ತರ ಕಚೇರಿ ಇದೆ. ಉತ್ತರ ಅಲ್ಲಿಂದಲೇ ಶುರು ಮಾಡಿದೆ. ಸೈಟು ಕೊಳ್ಳುವಾಗ ಮಾರುವವನು ತೋರಿಸುವ ಕ್ರಯಪತ್ರವೊಂದನ್ನೇ ನಂಬಿ ಯಾರೂ ಹಣ ಕೊಡುವುದಿಲ್ಲ. ಅವನಿಗೆ ಯಾರು ಮಾರಿದರು, ಅವರಿಗೆ ಹೇಗೆ ಬಂತು ಎಂದು ಮೂಲಪತ್ರಗಳನ್ನು ತಲೆಮಾರು ಹಿಂದಕ್ಕೆ ಓದಿಸುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ. ಕೊಂಡವನೂ ಮಾರಿದವನೂ ಪ್ರಾಮಾಣಿಕರೇ ಇರಬಹುದು. ಆದರೂ ಅಜ್ಜ ಯಾರಿಗೋ ಬರೆದುಕೊಟ್ಟ ಹಕ್ಕು ನೆಲದ ಜತೆಗೇ ಇಳಿದು ಬರುತ್ತದೆ.

ತಂತ್ರಾಂಶದಲ್ಲಿ ಹಾಗೆ ಆಗಿದ್ದು 2021ರ ಮಾರ್ಚ್ 24ರಂದು. ರೂಬಿ ಆನ್ ರೈಲ್ಸ್ ಎಂಬ ಹೆಸರಾಂತ ಚೌಕಟ್ಟು ಎಂಐಟಿ ಲೈಸೆನ್ಸಿನದು: ಹಕ್ಕುಸ್ವಾಮ್ಯದ ಸೂಚನೆಯನ್ನೂ ಲೈಸೆನ್ಸ್ ಪಠ್ಯವನ್ನೂ ಉಳಿಸಿಕೊಂಡರೆ ಸಾಕು, ಏನು ಬೇಕಾದರೂ ಮಾಡಿಕೊಳ್ಳಿ ಎನ್ನುವಂಥದ್ದು. ಅದು ಮಾರ್ಸೆಲ್ ಎಂಬ ಲೈಬ್ರರಿಯನ್ನು ಬಳಸುತ್ತಿತ್ತು, ಮಾರ್ಸೆಲ್ ಮೈಮ್‌ಮ್ಯಾಜಿಕ್ ಎಂಬುದನ್ನು. ಒಂದು ಕಡತ ಚಿತ್ರವೋ ಪಿಡಿಎಫ್ಫೋ ಎಂದು ಗುರುತಿಸುವುದಷ್ಟೇ ಮೈಮ್‌ಮ್ಯಾಜಿಕ್‌ನ ಕೆಲಸ. ಗುರುತಿಸಲು ಬೇಕಾದ ಪಟ್ಟಿ ಫ್ರೀಡೆಸ್ಕ್‌ಟಾಪ್ ಯೋಜನೆಯಿಂದ ಬಂದಿತ್ತು, ಅದರ ಲೈಸೆನ್ಸ್ ಜಿಪಿಎಲ್. ಇದನ್ನು ಸೇರಿಸಿಕೊಂಡು ಹಂಚುವ ತಂತ್ರಾಂಶವನ್ನು ಇದೇ ಷರತ್ತಿನಲ್ಲಿ ಹಂಚಬೇಕು, ಮೂಲಸಂಕೇತವನ್ನೂ ಕೊಡಬೇಕು ಎನ್ನುವುದು ಜಿಪಿಎಲ್. ಮೈಮ್‌ಮ್ಯಾಜಿಕ್ ಮಾತ್ರ ತನ್ನ ಮೇಲೆ ಎಂಐಟಿ ಎಂದು ಬರೆದುಕೊಂಡಿತ್ತು.

ಪಟ್ಟಿಯ ಪಾಲಕರು ಇದನ್ನು ತೋರಿಸಿಕೊಟ್ಟಾಗ ಮೈಮ್‌ಮ್ಯಾಜಿಕ್ ನೋಡಿಕೊಳ್ಳುತ್ತಿದ್ದವರು ಅದನ್ನು ಜಿಪಿಎಲ್‌ಗೆ ಬದಲಿಸಿ ಹಳೆಯ ಆವೃತ್ತಿಗಳನ್ನು ಭಂಡಾರದಿಂದ ತೆಗೆದುಬಿಟ್ಟರು. ರೈಲ್ಸ್ ಬಳಸುವ ಎಷ್ಟೋ ಯೋಜನೆಗಳು ಹೊಸದಾಗಿ ಇನ್‌ಸ್ಟಾಲ್ ಆಗದೆ ನಿಂತವು. ಮೈಮ್‌ಮ್ಯಾಜಿಕ್ ಎಂಬ ಹೆಸರನ್ನೇ ಕೇಳಿರದವರ ಕೆಲಸವೂ ಕೆಟ್ಟಿತು. ಎರಡೇ ದಿನದಲ್ಲಿ ರೈಲ್ಸ್ ತಂಡ ಹೊಸ ಆವೃತ್ತಿಗಳನ್ನು ತಂದಿತು. ಮಾರ್ಸೆಲ್ ಆ ಪಟ್ಟಿಯನ್ನು ಬಿಟ್ಟು ಅಪಾಚೆ ಟೀಕಾ ಎಂಬ ಇನ್ನೊಂದು ಯೋಜನೆಯ ಮಾಹಿತಿಗೆ ಹೊರಳಿತು. ಆ ತಂಡದ ಚುರುಕು ಮೆಚ್ಚುವಂಥದ್ದು. ಆದರೆ ಅಷ್ಟು ವರ್ಷ ಯಾರೂ ಅಜ್ಜನ ಪತ್ರ ತೆರೆದು ನೋಡಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಲೈಸೆನ್ಸ್ ಹುಡುಕಿ ಕೊಡುವ ಸಾಧನಗಳು ಈಗ ಬೇಕಾದಷ್ಟಿವೆ, ಎಲ್ಲವನ್ನೂ ಅವೇ ನೋಡಿಕೊಳ್ಳುತ್ತವೆ ಎಂಬ ಜಾಹೀರಾತೂ ಇದೆ. ನಾನು ಅಷ್ಟು ನಂಬುವವನಲ್ಲ. ಲೈಬ್ರರಿ ತನ್ನ ಬಗ್ಗೆ ಹೇಳಿಕೊಂಡದ್ದನ್ನಷ್ಟೇ ಓದುವ ಸಾಧನಕ್ಕೆ ಮೈಮ್‌ಮ್ಯಾಜಿಕ್ ಕೂಡ ಎಂಐಟಿಯಾಗಿಯೇ ಕಾಣುತ್ತಿತ್ತು. ಒಳಗಿನ ಕಡತಗಳ ತಲೆಬರಹವನ್ನು ಕಣ್ಣಿಟ್ಟು ನೋಡಬೇಕು. ಎರಡು ಲೈಸೆನ್ಸ್ ಒಂದೇ ಮನೆಯಲ್ಲಿ ಬಾಳುತ್ತವೆಯೇ ಎಂದೂ ಕೇಳಬೇಕು: ಅಪಾಚೆ 2.0 ಲೈಸೆನ್ಸಿನ ಸಂಕೇತ ಜಿಪಿಎಲ್ 3ರ ಜತೆ ಹೊಂದುತ್ತದೆ, ಜಿಪಿಎಲ್ 2 ಮಾತ್ರ ಇರುವ ಕಡೆ ಹೊಂದುವುದಿಲ್ಲ ಎನ್ನುತ್ತದೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್.

ಹುಡುಗನ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು ನೋಡಿದೆವು. ಲೈಬ್ರರಿಗಳೆಲ್ಲ ಎಂಐಟಿಯವೇ. ಅವನು ಲೆಕ್ಕಕ್ಕೇ ಹಿಡಿಯದಿದ್ದದ್ದು ಅಕ್ಷರವನ್ನು. ಆ್ಯಪಿನೊಳಗೆ ಲೋಹಿತ್ ಕನ್ನಡ ಫಾಂಟ್ ಇತ್ತು. ಮೊದಲು ಜಿಪಿಎಲ್‌ನಲ್ಲಿದ್ದ ಲೋಹಿತ್ ಫಾಂಟ್‌ಗಳು 2011ರಲ್ಲಿ ಓಪನ್ ಫಾಂಟ್ ಲೈಸೆನ್ಸಿಗೆ ಬಂದವು. ಅದರಡಿ ಫಾಂಟನ್ನು ಆ್ಯಪಿನೊಳಗೆ ಇಟ್ಟು ಹಂಚಬಹುದು, ಬರೀ ಫಾಂಟನ್ನೇ ಮಾರುವಂತಿಲ್ಲ, ಲೈಸೆನ್ಸ್ ಪಠ್ಯ ಜತೆಗಿರಲೇಬೇಕು. ಅವನು ಫಾಂಟ್ ಕಡತವೊಂದನ್ನೇ ಎತ್ತಿ ತಂದಿದ್ದ.

"ಇಷ್ಟೇ ಏನ್ರಿ ಸರ?" ಎಂದು ಆ ಪಠ್ಯವನ್ನು ಹುಡುಕಿ ತಂದು ಫಾಂಟಿನ ಪಕ್ಕದಲ್ಲೇ ಇಟ್ಟ.