ವಿಶ್ವಕೋಶಕ್ಕೆ ವಿದ್ಯಾರ್ಥಿಗಳ ಕೈ

ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ 14 ದಪ್ಪ ಸಂಪುಟಗಳ ಗ್ರಂಥ. ಬೆಳಗಾವಿ ಜಿಲ್ಲೆಯ ಕುಡಚಿ, ರಾಯಬಾಗ, ಅಥಣಿ ಕಡೆಯ ಹುಡುಗನೊಬ್ಬ ಅದನ್ನು ನೋಡಬೇಕೆಂದರೆ ದೊಡ್ಡ ಗ್ರಂಥಾಲಯವನ್ನೇ ಹುಡುಕಿಕೊಂಡು ಹೋಗಬೇಕಿತ್ತು. 2014ರಲ್ಲಿ ವಿಶ್ವವಿದ್ಯಾನಿಲಯ ಆ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಮುಕ್ತಗೊಳಿಸಿತು. ಅನುಮತಿ ಸಿಕ್ಕರೆ ಸಾಕೇ? ಅಕ್ಷರಗಳನ್ನು ಪರದೆಗೆ ತರುವವರು ಬೇಕಲ್ಲ! ಆ ಕೆಲಸಕ್ಕೆ ಕೈಜೋಡಿಸಿದವರು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕನ್ನಡ ತರಗತಿಯ ವಿದ್ಯಾರ್ಥಿಗಳು. ವಿದ್ವಾಂಸರು ದಶಕಗಳ ಕಾಲ ಕೂತು ಬರೆದದ್ದನ್ನು ಹದಿನೆಂಟು-ಇಪ್ಪತ್ತರ ವಯಸ್ಸಿನವರು ವಿಕಿಸೋರ್ಸ್ ಎಂಬ ಮುಕ್ತ ಅಂತರ್ಜಾಲ ಗ್ರಂಥಾಲಯಕ್ಕೆ ತಂದರು.

ವಿಕಿಸೋರ್ಸ್‌ನ ಕೆಲಸದ ರೀತಿ ನೋಡುವಂಥದ್ದು. ಒಂದು ಪಕ್ಕದಲ್ಲಿ ಹಳೆಯ ಪುಟದ ಸ್ಕ್ಯಾನ್ ಚಿತ್ರ, ಇನ್ನೊಂದು ಪಕ್ಕದಲ್ಲಿ ಬರೆಯುವ ಚೌಕ. ಸಾಲಿಗೆ ಸಾಲು ಹೋಲಿಸುತ್ತಾ ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲವನ್ನೂ ತಿದ್ದಬೇಕು. ಇನ್ನೂ ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ ಮೇಲೆ ಹಳದಿ. ಬೇರೊಬ್ಬರು ಮತ್ತೊಮ್ಮೆ ಓದಿ ಒಪ್ಪಿದರಷ್ಟೇ ಹಸಿರು. ತಾನು ತಿದ್ದಿದ್ದನ್ನು ತಾನೇ ಹಸಿರು ಮಾಡುವಂತಿಲ್ಲ. ಇಷ್ಟು ಶ್ರದ್ಧೆಯನ್ನು ಕಲಿಸುವ ಪಾಠ ನಮ್ಮ ಪಠ್ಯಕ್ರಮದಲ್ಲಿ ಬೇರೆ ಯಾವುದಿದೆ?

ವಿಕಿಸೋರ್ಸ್‌ನ ಸೋದರ ಯೋಜನೆಯಾದ ವಿಕಿಪೀಡಿಯ ಹುಟ್ಟಿದ್ದು 2001ರಲ್ಲಿ, ಕನ್ನಡದ್ದು 2003ರ ಜೂನ್‌ನಲ್ಲಿ. ಹರಿಪ್ರಸಾದ್ ನಾಡಿಗ ಅವರಂಥ ಕೆಲವರು ಮೊದಲ ವರ್ಷಗಳಲ್ಲಿ ಅದನ್ನು ಎತ್ತಿ ನಿಲ್ಲಿಸಿದರು. ಮುಂದೆ ಮೂಡುಬಿದಿರೆಯ ಆಳ್ವಾಸ್, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳ ವಿದ್ಯಾರ್ಥಿಗಳೂ ಸೇರಿಕೊಂಡರು. ಈಗ ಲೇಖನಗಳು 30 ಸಾವಿರ ದಾಟಿವೆ. ನಾಲ್ಕು ಕೋಟಿಗೂ ಹೆಚ್ಚು ಜನರ ತಾಯ್ನುಡಿಗೆ ಇದು ಕಡಿಮೆಯೇ. ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿವೆ.

ಬರೆಯಲು ಖಾತೆಯೊಂದನ್ನು ತೆರೆದರಾಯಿತು. ಮೊದಲು ‘ಪ್ರಯೋಗಪುಟ’ದಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ‘ಸಂಪಾದಿಸಿ’ ಒತ್ತಿದರೆ ಯಾವ ಲೇಖನವನ್ನಾದರೂ ತಿದ್ದಬಹುದು. ಯಾರು ಯಾವಾಗ ಏನು ಬದಲಿಸಿದರೆಂಬುದು ‘ಇತಿಹಾಸ’ದಲ್ಲಿ ಉಳಿಯುತ್ತದೆ. ಎಲ್ಲರೂ ಕೂಡಿ ಚರ್ಚಿಸುವ ಪುಟದ ಹೆಸರು ‘ಅರಳಿ ಕಟ್ಟೆ’.

ತೊಡಕುಗಳಿಲ್ಲವೆಂದಲ್ಲ. 2009ರ ಆಸುಪಾಸು ಗೂಗಲ್‌ನ ಅನುವಾದ ಯೋಜನೆಯಲ್ಲಿ ಇಂಗ್ಲಿಷಿನಿಂದ ಉದ್ದುದ್ದ ಲೇಖನಗಳು ಕನ್ನಡಕ್ಕೆ ಬಂದು ಬಿದ್ದವು. ಅವುಗಳ ಪೇಲವ ಕನ್ನಡವನ್ನು ಸರಿಮಾಡುವ ಹೊರೆ ಬಿದ್ದದ್ದು ಸ್ವಯಂಸೇವಕರ ಮೇಲೆ. ಕಾಲೇಜಿನ ಅಂಕಕ್ಕಾಗಿ ಬರೆದ ವಿದ್ಯಾರ್ಥಿಗಳಲ್ಲಿ ಹಲವರು ಸೆಮಿಸ್ಟರ್ ಮುಗಿದ ಮೇಲೆ ಇತ್ತ ತಿರುಗಿ ನೋಡುವುದಿಲ್ಲ. ಉಳಿದುಕೊಳ್ಳುವವರು ಸಾಮಾನ್ಯವಾಗಿ ತಮ್ಮ ಊರಿನ ಬಗ್ಗೆ ಬರೆದವರು ಎಂಬುದು ನನ್ನ ನಂಬಿಕೆ.

ಅದಕ್ಕೇ ಕುಡಚಿಯ ಮಾತು. ಬರೆಯಲು ಇಲ್ಲಿ ಬೇಕಾದಷ್ಟಿದೆ: ಕೃಷ್ಣೆಯ ದಂಡೆ, ಮೀರಜ್-ಲೋಂಡಾ ರೈಲು ಮಾರ್ಗದ ನಿಲ್ದಾಣ, ಬಾಗಲಕೋಟೆಯಿಂದ ಇಲ್ಲಿಗೇ ಬಂದು ಸೇರಬೇಕಾದ ಹೊಸ ಮಾರ್ಗ, ಮಾ ಸಾಹೇಬಾ ದರ್ಗಾ. ಕನ್ನಡ, ಮರಾಠಿ, ಉರ್ದು ಮೂರನ್ನೂ ಬಲ್ಲ ಇಲ್ಲಿನ ಮಕ್ಕಳು ಮೂರು ಭಾಷೆಯ ಆಧಾರಗಳನ್ನು ಓದಬಲ್ಲರು. ಬೆಂಗಳೂರಿನ ಹುಡುಗರಿಗೆ ಅದು ಸುಲಭವಲ್ಲ. 1884ರ ಮುಂಬಯಿ ಪ್ರಾಂತ್ಯದ ಬೆಳಗಾವಿ ಗ್ಯಾಸೆಟಿಯರ್ ಸಂಪುಟ ಅಂತರ್ಜಾಲದಲ್ಲೇ ಇದೆ. ಆದರೆ ಅಥಣಿಯ ಚಪ್ಪಲಿ ಕಟ್ಟುವ ಅಜ್ಜ ಚರ್ಮ ಹದ ಮಾಡುವ ಬಗೆ ಹೇಳಿದರೆ ವಿಕಿಪೀಡಿಯ ಒಪ್ಪುವುದಿಲ್ಲ. ಪ್ರಕಟವಾದ ಆಧಾರ ಕೇಳುತ್ತದೆ. ಈ ನಿಯಮ ಬೇಕಾದದ್ದೇ. ಆದರೂ ಬರಹ ಕಾಣದ ಕಸುಬುಗಳಿಗೆ ಇದರಿಂದ ಅನ್ಯಾಯವಾಗುತ್ತಿದೆ. ಮೊದಲು ಕಾಲೇಜಿನ ಸಂಚಿಕೆಗಳಲ್ಲಿ, ಸ್ಥಳೀಯ ಪತ್ರಿಕೆಗಳಲ್ಲಿ ಇವು ಅಚ್ಚಾಗಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡ ಅಧ್ಯಾಪಕರಲ್ಲಿ ಒಂದು ವಿನಂತಿ: ಈ ವರ್ಷ ಪ್ರತಿ ವಿದ್ಯಾರ್ಥಿಗೆ ಅವರದೇ ಊರಿನ ಪುಟ ವಹಿಸಿರಿ. ಒಂದು ಫೋಟೊ, ಆಧಾರಸಹಿತ ನಾಲ್ಕು ಸಾಲು ಸಾಕು. ಕೈಯಲ್ಲಿರುವ ಮೊಬೈಲಿನಲ್ಲೇ ಆಗುವ ಕೆಲಸವಿದು.