ಆರನೇ ದಿನದ ಡಾಪ್ಲರ್

ರಾಯಚೂರಿನ ನಮ್ಮ ಸೋದರಮಾವನಿಗೆ ಹೈದರಾಬಾದಿನಲ್ಲಿ ಲಿವರ್ ಕಸಿಯಾಯಿತು. ಬಲಭಾಗ ಕೊಟ್ಟವಳು ಅವರ ಮಗಳು. ಆಮೇಲೆ ಡಾಕ್ಟರು ಹೆಚ್ಚು ಮಾತಾಡಿದ್ದು ಲಿವರಿಗೆ ರಕ್ತ ಒಯ್ಯುವ, ಕೆಲವೇ ಮಿಲಿಮೀಟರ್ ದಪ್ಪದ ಅಪಧಮನಿಯ ಬಗ್ಗೆ. ಲಿವರಿಗೆ ಪೋರ್ಟಲ್ ನಾಳದಿಂದಲೂ ರಕ್ತ ಬರುತ್ತದೆ. ಕಸಿಯಾದ ಲಿವರಿನ ಪಿತ್ತನಾಳಗಳಿಗೆ ಈ ಅಪಧಮನಿಯೇ ಗತಿ. ಇಲ್ಲಿ ಹೆಪ್ಪುಗಟ್ಟಿದರೆ ಮೊದಲು ಕೊಳೆಯುವುದು ಅವೇ.

ಆರನೇ ದಿನ ಡಾಪ್ಲರ್‌ನಲ್ಲಿ ಹರಿವೇ ಕಾಣಲಿಲ್ಲ. ಜ್ವರವಿಲ್ಲ, ನೋವಿಲ್ಲ, ಮಾವ ಇಡ್ಲಿ ಕೇಳುತ್ತಿದ್ದರು! ಅಂದೇ ಥಿಯೇಟರಿಗೆ ಒಯ್ದು ಹೆಪ್ಪು ತೆಗೆದು ನಾಳವನ್ನು ಮತ್ತೆ ಹೊಲಿದರು. ಅದೂ ಆಗದಿದ್ದರೆ ಇನ್ನೊಂದು ಲಿವರಿಗಾಗಿ ತೆಲಂಗಾಣದ ಜೀವನ್‌ದಾನ್ ಪಟ್ಟಿಯಲ್ಲಿ ಕಾಯಬೇಕಿತ್ತು. ಮನೆಯಲ್ಲಿ ಕೊಡುವವರು ಉಳಿದಿರಲಿಲ್ಲ.

ಈಗ ಮಾವ ಉಪ್ಪಲ್‌ನ ನಮ್ಮ ಮನೆಯಲ್ಲಿದ್ದಾರೆ. ಬೆಳಿಗ್ಗೆ 8, ರಾತ್ರಿ 8ಕ್ಕೆ ಟ್ಯಾಕ್ರೊಲಿಮಸ್, ಊಟವಾದ ಮೇಲೆ ಆಸ್ಪಿರಿನ್. ಮೂರು ತಿಂಗಳು ಊರಿಗೆ ಬಿಡುವುದಿಲ್ಲ ಎಂದಿದ್ದಾರೆ ಡಾಕ್ಟರು.