ಕಾರಿನೊಳಗೆ ಹೊಳಪು ಬೇಡ, ನೆರಳು ಬೇಕು

ಆಯುಧಪೂಜೆಯ ಮರುದಿನ ಡ್ಯಾಶ್‌ಬೋರ್ಡ್ ಮೇಲೆ ಉಳಿದ ಅರಿಶಿನವನ್ನು ಸೋಪಿನ ನೀರಿನಲ್ಲಿ ಒರೆಸಲು ಹೋದವರು ಗಾಬರಿಯಾಗುವುದುಂಟು. ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಇನ್ನಷ್ಟು ಸೋಪು ಹಾಕಿ ತಿಕ್ಕಿದರೆ ಕೆಂಪು ಮತ್ತಷ್ಟು ಹರಡುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದೊಡನೆ ಕೆಂಪಿಗೆ ತಿರುಗುತ್ತದೆ. ಬಟ್ಟೆ ಒಗೆಯುವ ಸೋಪಿನಲ್ಲಿ ಕ್ಷಾರ ಇದ್ದೇ ಇರುತ್ತದೆ.

ಅರಿಶಿನ, ಕುಂಕುಮ ಯಾವುದೇ ಇರಲಿ, ಮೊದಲು ನೀರು ತಾಗಿಸಬಾರದು. ಒಣ ಪೇಂಟಿಂಗ್ ಬ್ರಷ್‌ನಿಂದ ಪುಡಿಯನ್ನು ಮೆಲ್ಲಗೆ ಎಬ್ಬಿಸಿ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರಿಂದ ಎಳೆಯಬೇಕು. ಆಮೇಲೆ ಬರೀ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ. ಅಷ್ಟಾದ ಮೇಲೂ ಉಳಿದ ಅರಿಶಿನದ ಕಲೆಯನ್ನು ಒಂದೆರಡು ದಿನ ಬಿಸಿಲಿಗೆ ಬಿಟ್ಟರೆ ತಾನಾಗಿ ಮಾಸುತ್ತದೆ, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಆದರೆ ಅಂಗಡಿಯ ಕುಂಕುಮದ ಕೃತಕ ಬಣ್ಣ ಹಾಗೆ ಹೋಗುವುದಿಲ್ಲ. ತಿಳಿ ಬಣ್ಣದ ಪ್ಲಾಸ್ಟಿಕ್ಕಿನ ಸಣ್ಣ ಗೀರುಗಳೊಳಗೆ ಒದ್ದೆ ಕುಂಕುಮ ಒಮ್ಮೆ ಇಳಿದರೆ ಅಲ್ಲೇ ಉಳಿಯಿತೆಂದೇ ಲೆಕ್ಕ.

ಡ್ಯಾಶ್‌ಬೋರ್ಡಿಗೆ ಬಿಸಿಲಿನಿಂದ ಉಪಕಾರವಾಗುವುದು ಇಷ್ಟೇ. ಮಿಕ್ಕಂತೆ ಅದರ ಆಯುಷ್ಯ ಕಡಿಮೆ ಮಾಡುವುದೇ ಬಿಸಿಲು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಸ್ಟೀರಿಂಗ್ 53, ಸೀಟು 51 ಡಿಗ್ರಿ. ನೆರಳಿನಲ್ಲಿದ್ದ ಕಾರುಗಳ ಡ್ಯಾಶ್‌ಬೋರ್ಡ್ 48ರ ಆಸುಪಾಸಿನಲ್ಲೇ ಇತ್ತು. ಅಲ್ಲಿನ ಹವೆ ಆ ದಿನಗಳಲ್ಲಿ 38 ಡಿಗ್ರಿಗಿಂತ ಹೆಚ್ಚಿತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಕಲಬುರಗಿ, ರಾಯಚೂರಿನವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಾವು ಮಾಡುವ ಹಾನಿ ತಿಳಿಯಬೇಕಾದರೆ ರೆಕ್ಸಿನ್ ಏನೆಂದು ತಿಳಿಯಬೇಕು. ನಾವು ಇಂದು ರೆಕ್ಸಿನ್ ಎನ್ನುವ ಸೀಟಿನ ಹೊದಿಕೆ ಹೆಚ್ಚಾಗಿ ಬಟ್ಟೆಯ ಮೇಲೆ ಕೂರಿಸಿದ ಪಿವಿಸಿ ಪದರ. ಪಿವಿಸಿ ಹುಟ್ಟಿನಿಂದ ಗಡುಸು, ನೀರಿನ ಪೈಪಿನಂತೆ. ಅದಕ್ಕೆ ಎಣ್ಣೆಯಂಥ ದ್ರವ ಸೇರಿಸಿ ಮೆತ್ತಗೆ ಮಾಡುವ ದಾರಿಯನ್ನು 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ ಕಂಡುಕೊಂಡರು. ಈ ಮೆದುಕಾರಕ ಪಿವಿಸಿಯೊಳಗೆ ಬೆರೆತಿರುತ್ತದೆಯೇ ಹೊರತು ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಕಾವು ಹೆಚ್ಚಿದಷ್ಟೂ ಹೊರಗೆ ಬರುತ್ತದೆ, ಆವಿಯಾಗಿ ತಣ್ಣನೆಯ ಗಾಜಿಗೆ ಅಂಟುತ್ತದೆ. ಮುಂದಿನ ಗಾಜಿನ ಒಳಮೈಗೆ ಮಂಜಿನಂಥ ಪೊರೆ ಕಟ್ಟಿ, ರಾತ್ರಿ ಎದುರಿನ ಲೈಟು ಬಿದ್ದಾಗ ದಾರಿಯೇ ಕಾಣದಂತಾಗುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಮೆದುಕಾರಕ ಕಳೆದುಕೊಂಡ ರೆಕ್ಸಿನ್ ಬಿರುಸಾಗಿ ಬಿರುಕು ಬಿಡುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿಗಳ ಸೀಟಿನ ಅಂಚಿನಲ್ಲಿ ಒಡೆದು ತೊಡೆಗೆ ಚುಚ್ಚುತ್ತಿದ್ದ ರೆಕ್ಸಿನ್ ಹಲವರಿಗೆ ನೆನಪಿರಬಹುದು. ಹೀಗೆ ಹೋದದ್ದನ್ನು ಮೇಲಿನಿಂದ ಯಾವ ಪಾಲಿಶ್ ಹಚ್ಚಿಯೂ ಮತ್ತೆ ತುಂಬಲಾಗದು.

ಆದ್ದರಿಂದ ಕಾರಿನ ಒಳಭಾಗಕ್ಕೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ಮುಂದಿನ ಗಾಜಿಗೆ ಅಡ್ಡ ಇಡುವ ಬೆಳ್ಳಿಬಣ್ಣದ ಸನ್‌ಶೇಡ್ ಕೊಳ್ಳಿ. ಹೊಂಗೆಯ ನೆರಳು ಸಿಕ್ಕರೆ ಹತ್ತು ಹೆಜ್ಜೆ ಹೆಚ್ಚು ನಡೆದರೂ ಚಿಂತೆಯಿಲ್ಲ, ಅಲ್ಲೇ ನಿಲ್ಲಿಸಿ.

ಸ್ವಚ್ಛ ಮಾಡುವ ಕೆಲಸ ಸರಳ, ಆದರೆ ಕ್ರಮ ಮುಖ್ಯ. ನಮ್ಮ ರಸ್ತೆಯ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಒಣ ಬಟ್ಟೆಯಿಂದ ಒತ್ತಿ ಉಜ್ಜಿದರೆ ಅವು ಗೀಚುತ್ತವೆ. ಸ್ಪೀಡೋಮೀಟರ್ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಮತ್ತು ಕನ್ನಡಿಯಂತೆ ಮಿನುಗುವ ಕಪ್ಪು ಪಟ್ಟಿಗಳು ಹಾಳಾಗುವುದು ಹೆಚ್ಚಾಗಿ ಹೀಗೇ. ಧೂಳು ತೆಗೆದ ಮೇಲೆ ಒಂದು ಮಗ್ ನೀರಿಗೆ ಕೆಲವೇ ಹನಿ ಸೌಮ್ಯ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ ಹಿಂಡಿ ಒರೆಸಿ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ, ಒಣ ಬಟ್ಟೆಯಿಂದ ಕೊನೆಗೊಮ್ಮೆ. ಬಟನ್‌ಗಳ ಮೇಲೆ ನೇರ ಸ್ಪ್ರೇ ಮಾಡಿದರೆ ದ್ರವ ಒಳಗಿಳಿಯುತ್ತದೆ. ಏನಿದ್ದರೂ ಬಟ್ಟೆಗೆ ಹಾಕಿಕೊಳ್ಳಿ. ಎ.ಸಿ. ಜಾಲರಿಯ ಸಂದಿಗೆ ಅದೇ ಪೇಂಟಿಂಗ್ ಬ್ರಷ್ ಸಾಕು. ಟಚ್‌ಸ್ಕ್ರೀನಿಗೆ ಹಿಂಡಿದ ಬಟ್ಟೆಯಷ್ಟೇ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಕಾರಿನೊಳಗೆ ಬರಲೇಕೂಡದು.

ಸ್ಟೀರಿಂಗನ್ನು ಒಮ್ಮೆ ಬೆಳಕಿಗೆ ಹತ್ತಿರದಿಂದ ನೋಡಿ. ಕೈ ಹಿಡಿಯುವ ಎರಡೂ ಕಡೆ ಮಾತ್ರ ನುಣುಪಾಗಿ ಮಿನುಗುತ್ತಿದ್ದರೆ ಅದು ಹೆಚ್ಚಾಗಿ ಅಂಗೈಯ ಬೆವರು, ಜಿಡ್ಡು, ಧೂಳು ಸೇರಿ ಕಟ್ಟಿದ ಪದರ. ಶಾಂಪೂ ನೀರಿನಲ್ಲಿ ಒರೆಸಿದರೆ ಬಟ್ಟೆ ಕಂದಾಗುತ್ತದೆ, ಮಿನುಗು ಹೋಗಿ ಮೊದಲಿನ ಮಂದ ಮೈ ಕಾಣುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮುನ್ನ ಸ್ಟೀರಿಂಗ್ ಮುಟ್ಟಬೇಡಿ, ಅದರ ಆಲ್ಕೋಹಾಲ್ ಮೇಲ್ಪದರವನ್ನು ಕೆಡಿಸುತ್ತದೆ.

ಕರಾವಳಿ, ಮಲೆನಾಡಿನ ಕಥೆ ಬೇರೆ. ಅಲ್ಲಿ ಜೂನ್‌ನಿಂದ ಬೂಸ್ಟಿನ ಕಾಟ. ಒದ್ದೆ ಕಾಲುಹಾಸನ್ನು ರಾತ್ರಿ ಕಾರಿನಲ್ಲೇ ಬಿಡದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಬಿಸಿಲು ಇಣುಕಿದ ದಿನ ನಾಲ್ಕೂ ಬಾಗಿಲು ತೆರೆದಿಡಿ.

ಇನ್ನೊಂದನ್ನು ಇಲ್ಲೇ ಹೇಳಬೇಕು, ಇದು ಜೀವದ ವಿಷಯ. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಏರ್‌ಬ್ಯಾಗ್ ಇರುತ್ತದೆ. ಅದರ ಮುಚ್ಚಳದ ಮೇಲೆ ದೇವರ ಮೂರ್ತಿ ಅಂಟಿಸಿದರೆ, ಏರ್‌ಬ್ಯಾಗ್ ತೆರೆದಾಗ ಮೂರ್ತಿ ಕುಳಿತವರ ಮುಖಕ್ಕೇ ಬಡಿಯಬಹುದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ರೆಕ್ಸಿನ್ ಕವರ್ ಬಿಗಿದು ಹೊಲಿಸುವುದೂ ಅಷ್ಟೇ ಅಪಾಯ.

ಕೊನೆಗೆ ಪಾಲಿಶ್. ವಾಟರ್ ವಾಶ್ ಅಂಗಡಿಗಳಲ್ಲಿ ಕೆಲಸ ಮುಗಿಯಿತು ಅನ್ನುವುದಕ್ಕೆ ಡ್ಯಾಶ್‌ಬೋರ್ಡ್ ಫಳಫಳ ಹೊಳೆಯಬೇಕು, ಗ್ರಾಹಕರೂ ಅದನ್ನೇ ಬಯಸುತ್ತಾರೆ. ಆ ಹೊಳಪು ಹೆಚ್ಚಾಗಿ ಸಿಲಿಕೋನ್ ಎಣ್ಣೆಯದು. ಕೊಳೆಯ ಮೇಲೇ ಸಿಂಪಡಿಸಿದರೂ ಹೊಳೆಯುತ್ತದೆ, ಜಿಡ್ಡಿಗೆ ಮತ್ತೆ ಧೂಳು ಅಂಟುತ್ತದೆ, ಹಗಲಿನಲ್ಲಿ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಮುಂದಿನ ಗಾಜಿನ ಮೇಲೆ ಕುಣಿಯುತ್ತದೆ. ಕಂಪನಿಯವರು ಡ್ಯಾಶ್‌ಬೋರ್ಡನ್ನು ಮಂದವಾಗಿ ಮಾಡಿರುವುದೇ ಈ ಪ್ರತಿಬಿಂಬ ತಪ್ಪಿಸಲು. ಹಚ್ಚಲೇಬೇಕಿದ್ದರೆ ನೀರು ಆಧಾರಿತ, ಹೊಳಪಿಲ್ಲದ ಮ್ಯಾಟ್ ಬಗೆಯದನ್ನು ಬಟ್ಟೆಗೆ ಹಾಕಿಕೊಂಡು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಸ್ಟೀರಿಂಗ್, ಗೇರ್ ಲಿವರ್, ಪೆಡಲ್‌ಗಳಿಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಬ್ರೇಕ್ ಒತ್ತುವಾಗ ಕಾಲು ಜಾರಿದರೆ ಮುಗಿಯಿತು. ಕಾರನ್ನು ತೊಳೆಯಲು ಬಿಡುವಾಗ ಕೀ ಕೊಡುವ ಮೊದಲೇ ಹೇಳಿಬಿಡಿ: ಒಳಗೆ ಪಾಲಿಶ್ ಬೇಡ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಟ್ಟರೆ ಸಾಕು.